ಬರಿಗಾಲಿಗೊಂದು ಬೂಟು

ರಾತ್ರಿ ಊಟ ಆದ ಮೇಲೆ ನಡುಮನೆಯ ಗೋಡೆಗೆ ಹಿಮ್ಮಡಿ ತಾಗಿಸಿ ನಿಂತಿದ್ದೆ. ಕಾಲ ಕೆಳಗೆ ಮಗಳ ಪ್ರಾಜೆಕ್ಟಿಗೆಂದು ತಂದಿದ್ದ ಬಿಳಿ ಹಾಳೆ. ಬಗ್ಗಿ, ಪೆನ್ಸಿಲ್ ನೆಟ್ಟಗೆ ಹಿಡಿದು, ಪಾದದ ಸುತ್ತ ಗೆರೆ ಎಳೆಯಬೇಕು. ಹೇಳೋದಕ್ಕೆ ಸುಲಭ. ನಲವತ್ತಾರು ವರ್ಷದ ಹೊಟ್ಟೆ ಅಡ್ಡ ಬರುತ್ತೆ, ಪೆನ್ಸಿಲ್ ಪಾದದ ಒಳಬಾಗಿಗೆ ಬಂದಾಗ ಕಚಗುಳಿಯಾಗಿ ಕಾಲು ತಾನೇ ಜಾರುತ್ತೆ, ಮತ್ತೆ ಹೊಸ ಹಾಳೆ. ಮೂರನೇ ಹಾಳೆಗೆ ಮಗಳು ತಕರಾರು ತೆಗೆದಳು.

"ಯಾರ್ ಮಾಡಿಕೊಡಾಕತ್ತಾರೋ ಚಪ್ಪಲಿ?" ದಿವಾನದ ಮೇಲಿಂದ ಅವ್ವ ಕೇಳಿದಳು.

ಕೇಳಿದ್ದರಲ್ಲಿ ತಪ್ಪಿಲ್ಲ. ನಮ್ಮದು ಚಪ್ಪಲಿಗೆ ಹೆಸರಾದ ಅಥಣಿ ಕಡೆ. ಅಪ್ಪ ಚಪ್ಪಲಿ ಮಾಡಿಸಲು ಹೋದಾಗ ನಾನೂ ಹಿಂದೆ ಹೋಗುತ್ತಿದ್ದೆ. ಹಳೇ ಪೇಪರಿನ ಮೇಲೆ ಅಪ್ಪ ಕಾಲಿಟ್ಟು ನಿಂತರೆ, ಚಪ್ಪಲಿ ಮಾಡುವವರು ಕಿವಿ ಮೇಲಿನ ಪೆನ್ಸಿಲ್ ತೆಗೆದು, ಮಾತಾಡುತ್ತ ಮಾತಾಡುತ್ತಲೇ ಒಂದೇ ಸುತ್ತು ಗೆರೆ ಎಳೆದು, "ಮುಂದಿನ ಸಂತಿಗೆ ಬರ್ರಿ" ಅನ್ನುತ್ತಿದ್ದರು. ಎರಡು ಕಾಲಿಗೆ ಎರಡು ಗೆರೆ. ಒಂದರ ಅಳತೆಯಲ್ಲಿ ಇನ್ನೊಂದನ್ನು ಹೊಲಿದವರಲ್ಲ ಅವರು.

ಈಗ ನಾನು ಎಳೆಯುತ್ತಿದ್ದದ್ದು ಆನ್‌ಲೈನಿನಲ್ಲಿ ತರಿಸುವ ಓಟದ ಬೂಟಿಗೆ. ಬೇರ್‌ಫುಟ್ ಶೂ ಅಂತಾರೆ ಅದಕ್ಕೆ. ಬರಿಗಾಲಿನ ಬೂಟು. ಹಾಕಿಕೊಂಡರೂ ಹಾಕಿಕೊಂಡಂತೆ ಇರಬಾರದು, ಅದೇ ಅದರ ಹೆಚ್ಚುಗಾರಿಕೆ. ಅವ್ವನಿಗೆ ಹೀಗೆ ಬಿಡಿಸಿ ಹೇಳಿ, ಬೆಲೆಯನ್ನೂ ಹೇಳಿದ್ದು ನನ್ನ ತಪ್ಪು.

"ಒಂಬತ್ ಸಾವಿರ ಕೊಟ್ಟು ಬರಿಗಾಲಾಗ ಓಡ್ತಿಯೇನೋ? ಬರಿಗಾಲು ಪುಕ್ಕಟ ಐತಲ್ಲೋ!"

ಈ ಮಾತಿಗೆ ಸರಿಯಾದ ಉತ್ತರ ನನಗಿನ್ನೂ ಸಿಕ್ಕಿಲ್ಲ. ಸಿಕ್ಕಷ್ಟು ಹೇಳ್ತೀನಿ.

ಮಾಮೂಲಿ ರನ್ನಿಂಗ್ ಶೂ ತಗೊಳ್ಳಿ. ಅದರಲ್ಲಿ ಹಿಮ್ಮಡಿ ಬೆರಳುಗಳಿಗಿಂತ 8ರಿಂದ 12 ಮಿಲಿಮೀಟರ್ ಎತ್ತರದಲ್ಲಿ ಕೂತಿರುತ್ತೆ. ಅಡಿಯಲ್ಲಿ ಮೂರು ಸೆಂಟಿಮೀಟರ್ ದಪ್ಪದ ಫೋಮು. ಈಚೆಗೆ ಈ ಫೋಮು ಎಷ್ಟು ಬೆಳೆದಿದೆ ಅಂದ್ರೆ, ರಸ್ತೆ ಓಟದ ಸ್ಪರ್ಧೆಗಳಲ್ಲಿ 40 ಮಿಲಿಮೀಟರ್ ದಾಟಬಾರದು ಅಂತ ಈ ಆಟಗಳ ಜಾಗತಿಕ ಸಂಸ್ಥೆ ವರ್ಲ್ಡ್ ಅಥ್ಲೆಟಿಕ್ಸ್ ಗೆರೆ ಎಳೆಯಬೇಕಾಯಿತು. ಬರಿಗಾಲಿನ ಬೂಟಿನಲ್ಲಿ ಹಿಮ್ಮಡಿಯೂ ಬೆರಳೂ ಒಂದೇ ಮಟ್ಟದಲ್ಲಿರುತ್ತವೆ. ಸೋಲ್ ಸಾಮಾನ್ಯವಾಗಿ ಒಂದು ಸೆಂಟಿಮೀಟರಿಗಿಂತ ತೆಳು, ಚಪಾತಿ ಸುತ್ತಿದ ಹಾಗೆ ಸುತ್ತಬಹುದು. ಮುಂಭಾಗ ಮಾತ್ರ ಅಗಲ, ಕಾಲಿನ ಆಕಾರದಲ್ಲೇ ಇರುತ್ತೆ.

ಯೋಚನೆ ಮಾಡಿದರೆ ಇದು ಅಥಣಿ ಚಪ್ಪಲಿಗೆ ಲೇಸು ಕಟ್ಟಿದ ಹಾಗೆ. ಅದಕ್ಕೂ ಫೋಮಿಲ್ಲ, ಸಪಾಟು ತೊಗಲಿನ ಅಟ್ಟೆ. ನಾನೀಗ ಇರುವ ಪುಣೆಯ ಗೆಳೆಯರು ಕೊಲ್ಹಾಪುರಿ ಅಂತ ಎದೆಯುಬ್ಬಿಸಿ ಹಾಕುವ ಚಪ್ಪಲಿಯೂ ಇದೇ. 2019ರಲ್ಲಿ ಅದಕ್ಕೆ ಜಿಐ ಪಟ್ಟ, ಅಂದ್ರೆ ಇದು ಇಂಥ ಸೀಮೆಯದೇ ಅನ್ನೋ ಸರ್ಕಾರಿ ಗುರುತು, ಸಿಕ್ಕಾಗ ಮಹಾರಾಷ್ಟ್ರಕ್ಕೆ ನಾಲ್ಕು ಜಿಲ್ಲೆ, ಕರ್ನಾಟಕಕ್ಕೆ ನಾಲ್ಕು ಜಿಲ್ಲೆ ಸಮಪಾಲಾಯಿತು, ಅದರಲ್ಲಿ ನಮ್ಮ ಬೆಳಗಾವಿಯೂ ಇದೆ. ಸಂದರ್ಭ ಇರಲಿ ಬಿಡಲಿ, ನಾನು ಇದನ್ನು ಅವರಿಗೆ ನೆನಪಿಸುತ್ತಿರುತ್ತೇನೆ. ಆದರೆ ಅದನ್ನು ಹಾಕಿಕೊಂಡು ಓಡೋಕಾಗಲ್ಲ, ಹಿಮ್ಮಡಿ ಹಿಡಿಯೋ ಪಟ್ಟಿಯೇ ಇಲ್ಲ. ಮೆಕ್ಸಿಕೋದ ರಾರಾಮುರಿ ಜನ ಟೈರಿನ ತುಂಡಿಗೆ ಪಟ್ಟಿ ಬಿಗಿದು ಬೆಟ್ಟ ಕಣಿವೆಗಳಲ್ಲಿ ಓಡುತ್ತಾರೆ. ನಮ್ಮೂರಲ್ಲೂ ಟೈರಿನ ಚಪ್ಪಲಿ ಇತ್ತು, ಹಾಕಿಕೊಂಡವರು ಹೊಲಕ್ಕೆ ನಡೆದು ಹೋಗುತ್ತಿದ್ದರು, ಅಷ್ಟೇ.

ನನಗೆ ಈ ಹುಚ್ಚು ಹತ್ತಿದ್ದು ಓಟಗಾರರನ್ನು ನೋಡಿ ಅಲ್ಲ. ವಾರಿ ನೋಡಿ, ವಿಠಲನ ಭಕ್ತರು ಪಂಢರಪುರಕ್ಕೆ ನಡೆದೇ ಹೋಗುವ ಯಾತ್ರೆ. ಜ್ಯೇಷ್ಠದ ಕೊನೆಗೆ ಆಳಂದಿ ಮತ್ತು ದೇಹುವಿನ ಪಲ್ಲಕ್ಕಿಗಳು ಪುಣೆಗೆ ಬರುತ್ತವೆ, ಊರೆಲ್ಲ ಕಾಲುಗಳೇ ಕಾಲುಗಳು. ಪಾದ ಒತ್ತುವವರು, ಕಿತ್ತ ಚಪ್ಪಲಿಯನ್ನು ದುಡ್ಡು ತಗೊಳ್ಳದೆ ಹೊಲಿದು ಕೊಡುವವರು ರಸ್ತೆ ಬದಿ ಕೂತಿರುತ್ತಾರೆ. ಒಂದು ವರ್ಷ ನಾನೂ ಎಣ್ಣೆ ಬಾಟಲಿ ಹಿಡಿದು ಕೂತೆ. ಎಪ್ಪತ್ತು ದಾಟಿದ ಒಬ್ಬ ರೈತಾಪಿ ಅಜ್ಜ ಕಾಲು ಚಾಚಿದರು. ಹೆಬ್ಬೆರಳಿಗೂ ಪಕ್ಕದ ಬೆರಳಿಗೂ ನಡುವೆ ನನ್ನ ಬೆರಳು ಆರಾಮಾಗಿ ಹೋಗುತ್ತಿತ್ತು. ಐದೂ ಬೆರಳು ಬೀಸಣಿಗೆ ಬಿಚ್ಚಿದ ಹಾಗೆ, ಪ್ರತಿಯೊಂದಕ್ಕೂ ನೆಲದ ಮೇಲೆ ಅದರದೇ ಜಾಗ. ಮನೆಗೆ ಬಂದು ಬಾತ್‌ರೂಮಿನಲ್ಲಿ ನನ್ನ ಕಾಲು ನೋಡಿಕೊಂಡೆ. ಇಪ್ಪತ್ತು ವರ್ಷ ಆಫೀಸಿನ ಚೂಪು ಬೂಟಿನಲ್ಲಿದ್ದು ಹೆಬ್ಬೆರಳು ಒಳಗೆ ವಾಲಿದೆ, ಕಿರುಬೆರಳು ಪಕ್ಕದ್ದರ ಕೆಳಗೆ ನುಸುಳಿದೆ, ಥೇಟು ಲೋಕಲ್ ಟ್ರೈನಿನ ಮೂವರ ಬೆಂಚಿನಲ್ಲಿ ತೂರಿಕೊಂಡ ನಾಲ್ಕನೇ ಸೀಟು. ಪಾದವೊಂದರಲ್ಲಿ 26 ಮೂಳೆ ಇವೆಯಂತೆ. ನನ್ನವು ಅಡ್ಜಸ್ಟ್ ಮಾಡಿಕೊಂಡಿದ್ದವು.

ಇದನ್ನೆಲ್ಲ ಹೇಳಿದರೆ ಪುಣೆಯಲ್ಲಿ ಯಾರಾದರೂ ಮಾಡೆಲ್, ನಟ ಮಿಲಿಂದ್ ಸೋಮನ್ ಹೆಸರು ತೆಗೆದೇ ತೆಗೀತಾರೆ. 2016ರಲ್ಲಿ, ಐವತ್ತರ ವಯಸ್ಸಿನಲ್ಲಿ, ಅಹಮದಾಬಾದಿನಿಂದ ಮುಂಬೈವರೆಗೆ ಬರಿಗಾಲಲ್ಲೇ ಓಡಿದ ಮನುಷ್ಯ. ಅವರನ್ನೇ ನೋಡು ಅಂತ ಹೆಂಡತಿಗೆ ಹೇಳಿದೆ. ನೋಡಿದೀನಿ, ಹೊಟ್ಟೆಯನ್ನೂ ನೋಡಿದೀನಿ ಅಂದಳು. ಅಬೆಬೆ ಬಿಕಿಲಾ ಹೆಸರು ತೆಗೆಯುವವರೂ ಇದ್ದಾರೆ. 1960ರ ರೋಮ್ ಒಲಿಂಪಿಕ್ಸಿನ ಮ್ಯಾರಥಾನನ್ನು ಬರಿಗಾಲಲ್ಲಿ ಓಡಿ ಚಿನ್ನ ಗೆದ್ದ ಇಥಿಯೋಪಿಯಾದವರು. ಆದರೆ ನಾಲ್ಕು ವರ್ಷದ ಮೇಲೆ ಟೋಕಿಯೋದಲ್ಲಿ ಅವರು ಬೂಟು ಹಾಕಿಕೊಂಡು ಓಡಿ ಮತ್ತೆ ಚಿನ್ನ ಗೆದ್ದರು, ಅದೂ ರೋಮಿನದಕ್ಕಿಂತ ಬೇಗ. ಬರಿಗಾಲಿನ ಭಕ್ತರು ಈ ಎರಡನೇ ಅರ್ಧ ಹೇಳೋದೇ ಇಲ್ಲ.

ಮಾರುವವರ ಮಾತನ್ನೂ ಪೂರ್ತಿ ನಂಬಬಾರದು. ಐದು ಬೆರಳಿಗೆ ಐದು ಗೂಡು ಇರುವ ಬೂಟು ನೋಡಿರಬಹುದು, ವೈಬ್ರಮ್ ಕಂಪನಿಯದು. ಇದು ಪಾದದ ಸ್ನಾಯು ಗಟ್ಟಿ ಮಾಡುತ್ತೆ, ಪೆಟ್ಟು ಕಡಿಮೆ ಮಾಡುತ್ತೆ ಅಂತ ಆಧಾರವಿಲ್ಲದೆ ಜಾಹೀರಾತು ಕೊಟ್ಟಿದ್ದಾರೆ ಅಂತ ಅಮೆರಿಕದಲ್ಲಿ ಕೇಸು ಬಿತ್ತು. 2014ರಲ್ಲಿ ಕಂಪನಿ ತಪ್ಪು ಒಪ್ಪಿಕೊಳ್ಳದೇ 37.5 ಲಕ್ಷ ಡಾಲರಿಗೆ ರಾಜಿಯಾಯಿತು. ಹಾಗಾಗಿ ನಾನು ಔಷಧಿ ಅಂತ ಬೂಟು ಹುಡುಕಲಿಲ್ಲ. ಕಿರುಬೆರಳಿಗೆ ಒಂದು ಸೀಟು ಹುಡುಕಿದೆ.

ಮೊದಲು ಅಂಗಡಿಗೇ ಹೋದೆ. ಬೂಟು ಸಂಜೆ ಕೊಳ್ಳಬೇಕು ಅಂತಾರೆ, ದಿನವೆಲ್ಲ ನಿಂತು ನಡೆದು ಕಾಲು ಸ್ವಲ್ಪ ಊದಿರುತ್ತೆ, ಓಡುವಾಗಲೂ ಊದುತ್ತೆ ಅಂತ. ಮಧ್ಯಾಹ್ನ ಒಂದರಿಂದ ನಾಲ್ಕು ಬಾಗಿಲು ಹಾಕಿ ಮಲಗುವ ಪುಣೆಯ ಅಂಗಡಿಗಳು ಗಿರಾಕಿಯ ಪಾದದ ಹಿತ ಯೋಚಿಸಿಯೇ ಹಾಗೆ ಮಾಡುತ್ತವೇನೋ. ಹುಡುಗ ಒಂದು ಜೊತೆ ಕೊಟ್ಟ. ನಾನು ಹಾಕಿಕೊಳ್ಳದೇ, ಒಳಗಿನ ಇನ್‌ಸೋಲ್ ಎಳೆದು ನೆಲದ ಮೇಲಿಟ್ಟು ಅದರ ಮೇಲೆ ನಿಂತೆ. ಪೂರ್ತಿ ಭಾರ ಹಾಕಿ ನಿಲ್ಲಬೇಕು, ಬೆರಳು ಹೊರಗೆ ಬಿದ್ದರೆ ಆ ಬೂಟು ನಿಮ್ಮದಲ್ಲ. ನನ್ನ ಕಿರುಬೆರಳು ಪೂರ್ತಿಯಾಗಿ ಅಂಗಡಿಯ ಟೈಲ್ಸಿನ ಮೇಲಿತ್ತು. "ಕಾಕಾ, ಏಕ ನಂಬರ ಮೋಠಾ ಘ್ಯಾ," ಅಂದ ಹುಡುಗ, ಒಂದು ನಂಬರ್ ದೊಡ್ಡದು ತಗೊಳ್ಳಿ ಅಂತ. ನಂಬರ್ ಏರಿಸಿದರೆ ಉದ್ದ ಬೆಳೆಯುತ್ತೆ, ಅಗಲ ಅಷ್ಟಾಗಿ ಬೆಳೆಯಲ್ಲ. ಹಿಮ್ಮಡಿ ಹಿಂದೆ ಸಡಿಲ, ಕಿರುಬೆರಳು ಅದೇ ಇಕ್ಕಟ್ಟಿನಲ್ಲಿ. ಐದು ಜೊತೆ ಇಳಿಸಿ, ಐದರ ಇನ್‌ಸೋಲ್ ಕಿತ್ತು, ಒಂದೂ ಕೊಳ್ಳದೆ ಬಂದೆ. ಆಮೇಲೆ ಆ ರಸ್ತೆಯಲ್ಲಿ ಹೋಗುವಾಗ ಎದುರಿನ ಫುಟ್‌ಪಾತ್ ಹಿಡೀತೀನಿ.

ಅದಕ್ಕೇ ಆ ರಾತ್ರಿಯ ಪೆನ್ಸಿಲ್ ಕೆಲಸ. ಅಳೆದಾಗ ಎಡಗಾಲು ಬಲಗಾಲಿಗಿಂತ ಐದು ಮಿಲಿಮೀಟರ್ ಉದ್ದ ಬಂತು. ದೊಡ್ಡ ಕಾಲನ್ನೇ ಲೆಕ್ಕ ಹಿಡಿದು, ಉದ್ದದ ಬೆರಳಿನ ಮುಂದೆ ಒಂದು ಸೆಂಟಿಮೀಟರಿನಷ್ಟು ಜಾಗ ಬಿಟ್ಟು ತರಿಸಿದೆ. ಸೋಲ್ ಐದೂವರೆ ಮಿಲಿಮೀಟರ್. ಅವ್ವ ಬೂಟನ್ನು ಕೈಲಿ ಹಿಡಿದು, ತೂಗಿ, ಮಡಚಿ, "ಕಾಲ್‌ಚೀಲಕ್ಕ ದಾರ ಕಟ್ಯಾರ," ಅಂದಳು.

ಮೊದಲ ದಿನ ನಸುಕಿನಲ್ಲಿ ಲಾ ಕಾಲೇಜ್ ರಸ್ತೆಗೆ ಹೋದೆ. ತೆಳು ಸೋಲಿನ ಬೂಟು ಚಾಡಿ ಹೇಳುತ್ತೆ. ಹಳೇ ಬೂಟಿನಲ್ಲಿ ನಾನು ಹಿಮ್ಮಡಿ ಕುಟ್ಟಿ ಓಡುತ್ತಿದ್ದದ್ದು ನನಗೇ ಗೊತ್ತಿರಲಿಲ್ಲ. ಇದರಲ್ಲಿ ಎರಡೇ ಹೆಜ್ಜೆಗೆ ಹಿಮ್ಮಡಿಯ ನೋವು ಹಲ್ಲಿಗೆ ಬಂತು. ಹೆಜ್ಜೆ ತಾನಾಗೇ ಚಿಕ್ಕದಾಯಿತು, ಪಾದದ ಮುಂಭಾಗ ಮೊದಲು ನೆಲ ಮುಟ್ಟತೊಡಗಿತು, ಸದ್ದು ಅಡಗಿತು. ಹಾರ್ವರ್ಡಿನ ಡೇನಿಯಲ್ ಲೀಬರ್‌ಮನ್ ತಂಡ 2010ರಲ್ಲಿ ಹೇಳಿದ್ದೂ ಇದನ್ನೇ, ಬರಿಗಾಲಲ್ಲಿ ಓಡಿ ರೂಢಿಯಿದ್ದವರು ಹೆಚ್ಚಾಗಿ ಮುಂಪಾದದಲ್ಲಿ ಇಳಿಯುತ್ತಾರೆ, ಹಿಮ್ಮಡಿಗೆ ಬೀಳುವ ಆ ಹೊಡೆತ ಇರುವುದಿಲ್ಲ ಅಂತ. ಡಾಂಬರಿನ ಒರಟು, ಬಿಳಿ ಪಟ್ಟಿಯ ನುಣುಪು, ಮ್ಯಾನ್‌ಹೋಲ್ ಮುಚ್ಚಳದ ತಂಪು ಎಲ್ಲ ಕಾಲಿಗೆ ಗೊತ್ತಾಗುತ್ತಿತ್ತು. ಖುಷಿಗೆ ಐದು ಕಿಲೋಮೀಟರ್ ಓಡಿಬಿಟ್ಟೆ.

ಮಾರನೇ ದಿನ ಮೂರನೇ ಮಹಡಿಯಿಂದ ಕಂಬಿ ಹಿಡಿದು ಹಿಂದು ಹಿಂದಾಗಿ ಮೆಟ್ಟಿಲಿಳಿದೆ. ಮೀನಖಂಡ ಎರಡೂ ಕಲ್ಲು. ಹಿಮ್ಮಡಿಯ ಎತ್ತರಕ್ಕೆ ಒಗ್ಗಿ ಮೋಟಾಗಿದ್ದ ಸ್ನಾಯುವನ್ನು ಒಂದೇ ಬೆಳಿಗ್ಗೆ ಎಳೆದರೆ ಅದು ಸುಮ್ನೆ ಬಿಡುತ್ತಾ? ನನ್ನದು ನೋವಿನಲ್ಲಿ ಮುಗಿಯಿತು, ಮೂಳೆಯವರೆಗೆ ಹೋಗುವುದೂ ಉಂಟು. 2013ರಲ್ಲಿ ಅಮೆರಿಕದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದವರು ಹತ್ತು ವಾರದಲ್ಲಿ ಇಂಥ ಬೂಟಿಗೆ ಬದಲಾದ ಓಟಗಾರರ ಪಾದದ ಎಂಆರ್‌ಐ ತೆಗೆಸಿದಾಗ, ಸುಮಾರು ಅರ್ಧ ಜನರ ಮೂಳೆಯೊಳಗೆ ಊತ ಹೆಚ್ಚಿತ್ತು. ಹತ್ತು ವಾರ ಸಾಲದು ಅಂತ ಆಯಿತಲ್ಲ. ನಾನು ಬೂಟನ್ನು ತರಕಾರಿ ಮಾರ್ಕೆಟ್ಟಿಗೆ ಹಾಕಿಕೊಂಡು ಹೋಗಲು ಶುರು ಮಾಡಿದೆ. ಆಮೇಲೆ ಅರ್ಧ ಕಿಲೋಮೀಟರ್ ಓಟ, ಉಳಿದದ್ದು ಹಳೇ ಬೂಟಿನಲ್ಲಿ. ಐದು ಕಿಲೋಮೀಟರಿಗೆ ಮರಳಲು ಐದು ತಿಂಗಳು ಹಿಡಿಯಿತು.

ರಸ್ತೆಯದು ಹೀಗಾದರೆ ಟೇಕಡಿಯದು, ಅಂದ್ರೆ ಗುಡ್ಡದ್ದು, ಬೇರೆ ಕಥೆ. ಪುಣೆಯವರಿಗೆ ಬೆಳಿಗ್ಗೆ ಟೇಕಡಿ ಹತ್ತದಿದ್ದರೆ ಚಹಾ ಇಳಿಯಲ್ಲ. ವೇತಾಳ ಟೇಕಡಿಗೆ ಅದೇ ಬೂಟಿನಲ್ಲಿ ಹೋದೆ. ಹತ್ತುವಾಗ ಏನೂ ಅನಿಸಲಿಲ್ಲ. ಹಳೇ ಕ್ವಾರಿಯ ಕಡೆ ಇಳಿಯುವಾಗ ಕಪ್ಪು ಕಲ್ಲಿನ ಮೇಲೆ ಸಣ್ಣ ಜಲ್ಲಿ, ರಾಗಿ ಚೆಲ್ಲಿದ ನೆಲದ ಮೇಲೆ ನಡೆದ ಹಾಗೆ. ನುಣುಪು ಸೋಲಿಗೆ ಹಿಡಿತವೇ ಇಲ್ಲ. ನವಿಲೊಂದು ನೋಡುತ್ತಿರುವಾಗಲೇ ನಾನು ಕೂತೇ ಇಳಿದೆ. ರಸ್ತೆ ಗಟ್ಟಿಯಾದರೂ ಸಮ, ಒಂದು ಹೆಜ್ಜೆ ಹೇಗೋ ಮುಂದಿನದೂ ಹಾಗೇ. ಗುಡ್ಡದಲ್ಲಿ ಪ್ರತಿ ಹೆಜ್ಜೆಯೂ ಬೇರೆ. ಒಂದು ಚೂಪು ಕಲ್ಲು ಅಂಗಾಲಿಗೆ ಒತ್ತಿದ್ದು ನಾಲ್ಕು ದಿನ ನೆನಪಿತ್ತು. ಮಳೆಗಾಲದ ಪಾಚಿ, ಕೆಸರು ಹೇಳೋದೇ ಬೇಡ.

ಹೀಗಾಗಿ ಗುಡ್ಡಕ್ಕೆ ಬೇರೆ ಜೊತೆ ಬಂತು. ಟ್ರ್ಯಾಕ್ಟರ್ ಟೈರಿನ ಹಾಗೆ ನಾಲ್ಕು ಮಿಲಿಮೀಟರಿನ ಹಲ್ಲು, ಸೋಲ್ ಸ್ವಲ್ಪ ಜಾಸ್ತಿ ದಪ್ಪ. ಬರಿಗಾಲಿನ ಕಟ್ಟಾ ಭಕ್ತರು ಇದನ್ನು ಒಪ್ಪಲ್ಲ, ನೆಲದ ಸ್ಪರ್ಶ ಕಡಿಮೆ ಆಯಿತು ಅಂತಾರೆ. ಆಗಲಿ ಬಿಡಿ. ಎಲ್ಲರೂ ಸೋಲ್ ಎಷ್ಟು ತೆಳು ಅಂತಲೇ ಕೇಳುತ್ತಾರೆ, ನಾನು ಮುಂಭಾಗ ಎಷ್ಟು ಅಗಲ ಅಂತ ಮೊದಲು ನೋಡ್ತೀನಿ. ದಪ್ಪದ ವಿಷಯದಲ್ಲಿ ನೆಲ ನೋಡಿ ರಾಜಿ ಮಾಡಿಕೊಳ್ಳಬಹುದು, ಕಿರುಬೆರಳಿನ ಸೀಟಿನಲ್ಲಿ ರಾಜಿ ಇಲ್ಲ. ಈಗ ಅದು ಪಕ್ಕದ ಬೆರಳಿನ ಕೆಳಗಿನಿಂದ ಸ್ವಲ್ಪ ಹೊರಗೆ ಬಂದಿದೆ ಅಂತ ನನಗನಿಸುತ್ತೆ. ಹೆಂಡತಿಗೆ ಕಾಣಿಸಲ್ಲ.

ಹೊಸ ಜೊತೆಯಲ್ಲಿ ಮೊನ್ನೆ ಟೇಕಡಿ ಇಳಿಯುವಾಗ ಬಲ ಅಂಗಾಲಿಗೆ ಚುರ್ ಅಂತು. ಜಾಲಿ ಮುಳ್ಳು, ಸೋಲ್ ದಾಟಿ ಒಳಗೆ ತುದಿ ಹಾಕಿತ್ತು. ಕಲ್ಲಿನ ಮೇಲೆ ಕೂತು ಎಳೆಯಲು ಹೋದೆ, ಮುರಿದು ಅರ್ಧ ರಬ್ಬರಿನಲ್ಲೇ ಉಳಿಯಿತು. ಕುಂಟುತ್ತ ಮನೆಗೆ ಬಂದೆ. ಅವ್ವ ಏನೂ ಕೇಳಲಿಲ್ಲ. ಬಳೆಗೆ ಸಿಕ್ಕಿಸಿದ್ದ ಪಿನ್ನು ತೆಗೆದು, ಕನ್ನಡಕ ಏರಿಸಿ, ಬೂಟನ್ನು ಟ್ಯೂಬ್‌ಲೈಟಿನ ಕೆಳಗೆ ಮಗುವಿನ ಕಾಲಿನ ಹಾಗೆ ತೊಡೆ ಮೇಲೆ ಮಲಗಿಸಿಕೊಂಡು, ಹೆಬ್ಬೆರಳಿನಿಂದ ರಬ್ಬರ್ ಒತ್ತಿ ಒತ್ತಿ ನೋಡಿದಳು. ಪಿನ್ನಿನ ತುದಿಯಲ್ಲಿ ಕೆದಕಿ ಮುಳ್ಳನ್ನು ಹೊರಗೆ ತೆಗೆದು ಅಂಗೈ ಮೇಲಿಟ್ಟುಕೊಂಡಳು. ನಾನು ಬೂಟಿಗೆ ಕೈ ಚಾಚಿದೆ.

"ತಡಿ," ಅಂದಳು. "ಇನ್ನೊಂದು ಐತಿ."