ಚೊಗರು ಚೆಲ್ಲದವರ ಊರಲ್ಲಿ

ಅಡಿಕೆ ಬೇಯಿಸುವ ಮನೆಯಲ್ಲಿ ಬೆಳೆದವರಿಗೆ ಚೊಗರಿನ ಬೆಲೆ ಗೊತ್ತು. ಒಂದು ಹಂಡೆ ಅಡಿಕೆ ಬೆಂದ ಮೇಲೆ ಉಳಿಯುವ ನೀರೇ ಚೊಗರು, ಅದನ್ನು ಯಾರೂ ಚೆಲ್ಲುವುದಿಲ್ಲ. ಮುಂದಿನ ಹಂಡೆಗೂ ಅದೇ. ಮಂದವಾದಷ್ಟೂ ಬಣ್ಣ ಚೆಂದ. ಸುಗ್ಗಿ ಮುಗಿದರೆ ಬರುವ ವರ್ಷಕ್ಕೆ ಅಂತ ಎತ್ತಿಡುತ್ತೇವೆ. ಚಿಕ್ಕವನಿದ್ದಾಗ ಒಂದು ಚೊಂಬು ಚೆಲ್ಲಿ ಅಮ್ಮನ ಹತ್ತಿರ ಬೈಸಿಕೊಂಡದ್ದು ಇನ್ನೂ ನೆನಪಿದೆ.

ಅಂಥ ಮನೆಯವನು ಶಿವಮೊಗ್ಗದ ಹೊರಗಿನ ಒಂದು ಕ್ರೋಮ್ ಪ್ಲೇಟಿಂಗ್ ಶೆಡ್ಡಿಗೆ, ಅಂದರೆ ಲೋಹದ ಮಾಲಿಗೆ ಕ್ರೋಮ್ ಲೇಪ ಹಾಕುವ ಕಡೆ, ಕೆಲಸಕ್ಕೆ ಸೇರಿದೆ. ಅಲ್ಲಿ ಮಾಲು ತೊಳೆಯುವ ಟ್ಯಾಂಕಿಗೆ ಪೈಪು ದಿನವಿಡೀ ತೆರೆದೇ ಇರುತ್ತಿತ್ತು. ಯಾಕೆ ಸರ್ ಅಂದರೆ ಸೂಪರ್‌ವೈಸರ್ ನಕ್ಕರು. "ಮಲೆನಾಡಲ್ಲಿ ಇದ್ಕೊಂಡು ನೀರಿನ ಲೆಕ್ಕ ಕೇಳ್ತೀಯಲ್ಲ ಮಾರಾಯ!" ಆಗುಂಬೆಯಲ್ಲಿ ಸುರಿದ ಮಳೆ ನಮ್ಮ ಬೋರ್‌ವೆಲ್ಲಿಗೆ ಬರುತ್ತಾ ಅಂತ ನನಗನ್ನಿಸಿತು.

ನೀರು ಜಾಸ್ತಿ ಬಿಟ್ಟರೆ ಮಾಲಿನಿಂದ ತೊಳೆದುಬರುವ ಕ್ರೋಮಿಯಂ ವಿಷ ಕಡಿಮೆಯಾಗುವುದಿಲ್ಲ, ತೆಳ್ಳಗಾಗುತ್ತದೆ ಅಷ್ಟೇ. ಒದ್ದಾಡುವುದು ಇಟಿಪಿ, ಅಂದರೆ ಕೊಳಕು ನೀರು ಶುದ್ಧ ಮಾಡುವ ಘಟಕ. ಮೊದಲು ಆ್ಯಸಿಡ್ ಹಾಕಿ ಪಿಎಚ್ (ಹುಳಿಯ ಅಳತೆ, ಕಡಿಮೆಯಾದಷ್ಟೂ ಹುಳಿ ಜಾಸ್ತಿ) 3ಕ್ಕಿಂತ ಕೆಳಗೆ ತರಬೇಕು. ಆಮೇಲೆ ಬೈಸಲ್ಫೈಟ್ ಅನ್ನೋ ರಾಸಾಯನಿಕ ಹಾಕಿದರೆ ತುಂಬ ವಿಷದ ಹೆಕ್ಸಾವಲೆಂಟ್ ಕ್ರೋಮಿಯಂ ಕಡಿಮೆ ವಿಷದ ಟ್ರೈವಲೆಂಟ್ ಆಗುತ್ತದೆ. ಸುಣ್ಣ ಹಾಕಿದರೆ ಗಷ್ಟಾಗಿ ತಳ ಸೇರುತ್ತದೆ. ಇದಕ್ಕೆಲ್ಲ ಹೊತ್ತು ಬೇಕು. ನೀರು ಎರಡರಷ್ಟಾದರೆ ಅದೇ ಟ್ಯಾಂಕಿನಲ್ಲಿ ಸಿಗುವ ಹೊತ್ತು ಅರ್ಧ. ಹೊಳೆಗೆ ಬಿಡುವ ನೀರಲ್ಲಿ ಹೆಕ್ಸಾವಲೆಂಟ್ ಲೀಟರಿಗೆ 0.1 ಮಿಲಿಗ್ರಾಂ ದಾಟಬಾರದು. ಸ್ಯಾಂಪಲ್ ತೆಗೆಯುವ ದಿನ ಬೋರ್‌ವೆಲ್ ನೀರು ಬೆರೆಸಿ ಪಾಸಾಗುವ ಜಾಣತನವನ್ನೂ ಕಣ್ಣಾರೆ ಕಂಡಿದ್ದೇನೆ.

ನೀರು ಉಳಿಸಲು ದೊಡ್ಡ ಮಿಷನ್ನೇ ಬೇಕು ಅಂತಿಲ್ಲ. ಒಂದರ ಬದಲು ಮೂರು ತೊಳೆಯುವ ಟ್ಯಾಂಕ್ ಇಡಿ. ಹೊಸ ನೀರು ಕೊನೆಯದಕ್ಕೆ ಮಾತ್ರ. ಅದು ತುಂಬಿ ನಡುವಿನದಕ್ಕೆ, ಅಲ್ಲಿಂದ ಮೊದಲನೆಯದಕ್ಕೆ. ಮಾಲು ಹೋಗುವುದು ಎದುರು ದಿಕ್ಕಿಗೆ. ಲೇಪ ಹಾಕುವ ಕ್ರೋಮ್ ತೊಟ್ಟಿ ಸುಮಾರು 50 ಡಿಗ್ರಿ ಬಿಸಿ ಇರುವುದರಿಂದ ಆವಿಯಾಗುತ್ತಲೇ ಇರುತ್ತದೆ. ಆ ಕೊರತೆಗೆ ಮೊದಲ ಟ್ಯಾಂಕಿನ ಹಳದಿ ನೀರನ್ನೇ ಹಾಕಬಹುದು. ಚೊಗರಿನ ಲೆಕ್ಕವೇ ಅಲ್ವಾ? ಇನ್ನೊಂದು, ಮಾಲು ಎತ್ತಿದ ಮೇಲೆ ತೊಟ್ಟಿಯ ಮೇಲೇ ಸ್ವಲ್ಪ ಹೊತ್ತು ಸೋರಲು ಬಿಡಬೇಕು. ಬೆಂದ ಅಡಿಕೆಯನ್ನು ಬುಟ್ಟಿಯಲ್ಲಿ ಸೋರಲು ಬಿಡುತ್ತೇವಲ್ಲ, ಹಾಗೆ. (ಹೀಗೆ ಅದೇ ನೀರನ್ನು ಮರಳಿ ಹಾಕುವಾಗ ಕಬ್ಬಿಣದ ಅಂಶ ಸೇರುತ್ತಾ ಹೋದರೆ ತೊಟ್ಟಿ ಕೆಡುತ್ತದೆ, ಆಗಾಗ ಪರೀಕ್ಷೆ ಮಾಡಿಸಬೇಕು. ಚೊಗರೂ ಕೆಡುತ್ತದೆ ಬಿಡಿ.)

ಇದನ್ನೆಲ್ಲ ಹೇಳಿದಾಗ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನಮ್ಮ ಚರಂಡಿ ತುಂಗೆಗೆ, ಕೂಡ್ಲಿ ದಾಟಿ ಹೊನ್ನಾಳಿ, ಹರಿಹರದವರ ಕೊಡಕ್ಕೆ ಹೋಗುತ್ತದೆ ಅಂದರೂ ಅಷ್ಟೇ. ಒಂದು ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿತು. ಟ್ಯಾಂಕರ್ ನೀರಿಗೆ ದುಡ್ಡು ಎಣಿಸುವಾಗ ಮಾಲೀಕರಿಗೆ ಲೀಟರಿನ ಲೆಕ್ಕ ಬಂತು. ಎರಡೇ ದಿನದಲ್ಲಿ ಪೈಪಿಗೆ ವಾಲ್ವ್ ಕೂರಿಸಿದರು.

ಜೂನ್‌ನಲ್ಲಿ ಮಳೆ ಹಿಡಿಯಿತು. ವಾಲ್ವ್ ಮತ್ತೆ ಪೂರ್ತಿ ತೆರೆಯಿತು.