ಬಾಯಿಮಾತಿಗೆ ಸಾವಿರ ರೂಪಾಯಿ

ಗೋವಾದ ಮಡಗಾಂವಿಗೆ ಬಂದು 19 ವರ್ಷ ಆಯಿತು. ಇಷ್ಟು ವರ್ಷದಲ್ಲಿ ತಂಗಿ ನನ್ನ ಜೊತೆ ಸರಿಯಾಗಿ ಜಗಳ ಆಡಿದ್ದು ಒಂದೇ ಸಲ, ಅದೂ 1,000 ರೂಪಾಯಿಗೆ. "ಬರೇ ಬಾಯಿಮಾತಿಗೆ ಸಾವಿರ ರೂಪಾಯಿ ಕೊಟ್ಟು ಬಂದಿ ಏನಣ್ಣಾ? ಆಕಿ ಮಾಡಿಕೊಟ್ಟಿದ್ದಾದ್ರೂ ಏನು?" ಅಂತ ಫೋನಿನಲ್ಲೇ ಕೂಗಾಡಿದಳು. ಆಕೆ ಅಂದರೆ ಇಲ್ಲಿನ ಒಬ್ಬ ವಕೀಲೆ. ಇದೇ ತಂಗಿ ಹಾವೇರಿ ಕಡೆಯ ಒಬ್ಬ ಏಜೆಂಟನ ಕೈಗೆ 70,000 ಇಟ್ಟಿದ್ದಳು. ರಸೀದಿ ಇಲ್ಲ, ಏನಿಲ್ಲ.

ಅಳಿಯನಿಗೆ, ಅಂದರೆ ತಂಗಿಯ ಮಗನಿಗೆ, ಕುವೈತಿನಲ್ಲಿ ಡ್ರೈವರ್ ಕೆಲಸ ಅಂತ ಮಾತು. ಆ ಏಜೆಂಟನ ಅಂಗಡಿ ನಾನೂ ನೋಡಿದ್ದೇನೆ. ಜೆರಾಕ್ಸ್, ರೈಲು ಟಿಕೆಟ್, ಪಾನ್ ಕಾರ್ಡ್, ಪಹಣಿ, ಪಾಸ್‌ಪೋರ್ಟ್, ಗಲ್ಫ್ ಕೆಲಸ, ಎಲ್ಲಾ ಒಂದೇ ಟೇಬಲ್ಲಿನ ಮೇಲೆ. ಏನು ಕೇಳಿದರೂ "ಆಗ್ತೈತಿ ಬಿಡ್ರಿ" ಅನ್ನುತ್ತಾನೆ. ನಮ್ಮ ಕಡೆ ವಲಸೆ ಕಾನೂನಿನ ತಜ್ಞ ಅಂದರೆ ಇವನೇ.

ವಿಮಾನ ಮುಂಬೈಯಿಂದ ಇತ್ತು. ಹೋಗುವ ಮೊದಲು ಎರಡು ದಿನ ಹುಡುಗ ನಮ್ಮ ಮನೆಗೆ ಬಂದ. ಅವನ ಫೈಲು ಬಿಚ್ಚಿ ನೋಡಿದೆ. ನನಗೇನೂ ತಿಳಿಯಲಿಲ್ಲ, ಆದರೆ ಯಾಕೋ ಸಮಾಧಾನವೂ ಆಗಲಿಲ್ಲ. ಪಕ್ಕದ ಮನೆ ಆಂಟಿ, ತಮ್ಮ ಪೋರ್ಚುಗಲ್ ಕಾಗದ ಮಾಡಿಸಿದ್ದ ವಕೀಲೆಯ ಹತ್ತಿರ ಕಳಿಸಿದರು.

ಪೋರ್ಚುಗಲ್ ಕಾಗದ ಅಂದರೆ ಇಲ್ಲಿ ಮನೆಮನೆಯ ಮಾತು. ಗೋವಾ ಪೋರ್ಚುಗೀಸರ ಕೈಲಿದ್ದಾಗ, ಅಂದರೆ 1961ರ ಡಿಸೆಂಬರ್ 19ಕ್ಕೆ ಮೊದಲು, ಇಲ್ಲಿ ಹುಟ್ಟಿದವರು ತಮ್ಮ ಹುಟ್ಟನ್ನು ಪೋರ್ಚುಗಲ್‌ನ ಲಿಸ್ಬನ್ನಿನಲ್ಲಿ ದಾಖಲು ಮಾಡಿಸಿದರೆ ಅಲ್ಲಿನ ಪ್ರಜೆಗಳಾಗಬಹುದು. ಅವರ ಮಕ್ಕಳು, ಮೊಮ್ಮಕ್ಕಳಿಗೂ ದಾರಿ ಇದೆ. ಈ ವಕೀಲೆ ಮೊದಲು ಮಾಡುತ್ತಿದ್ದದ್ದು ಆಸ್ತಿ ಪಾಲಿನ ಕೇಸುಗಳು. ಅದಕ್ಕಾಗಿ ಹಳೇ ಪೋರ್ಚುಗೀಸ್ ದಾಖಲೆ ಓದಿ ಓದಿ ರೂಢಿ ಆಯಿತಂತೆ, ಆಮೇಲೆ ಜನ ಹುಟ್ಟಿದ ದಾಖಲೆ ಹಿಡಿದುಕೊಂಡು ಬರತೊಡಗಿದರಂತೆ. ಈಗ 20 ವರ್ಷದಿಂದ ಅದೇ ಕೆಲಸ. ಬೇರೆ ದೇಶದ ಪೌರತ್ವ ತಗೊಂಡರೆ 1955ರ ಪೌರತ್ವ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ಭಾರತದ್ದು ಹೋಗುತ್ತದೆ ಅಲ್ವಾ, ಹಾಗಾಗಿ ಪಾಸ್‌ಪೋರ್ಟ್ ಒಪ್ಪಿಸುವುದು, ಹೊರದೇಶದ ಪ್ರಜೆಯಾದ ಭಾರತ ಮೂಲದವರಿಗೆ ಕೊಡುವ ಓಸಿಐ ಕಾರ್ಡ್ ಮಾಡಿಸುವುದು ಉಳಿದರ್ಧ ಕೆಲಸ.

ನಮಗಿಂತ ಮುಂಚೆ ಒಬ್ಬ ಅಜ್ಜಿ ಮಗನ ಜೊತೆ ಕೂತಿದ್ದರು. ಟೇಬಲ್ ಮೇಲೆ ಅಜ್ಜಿಯ ಜನನ ದಾಖಲೆಯ ನಕಲು. ಕೈಬರಹ ಎಷ್ಟು ಒತ್ತಾಗಿತ್ತು ಅಂದರೆ ವಕೀಲೆ ಸಾಲಿನ ಕೆಳಗೆ ಸ್ಕೇಲ್ ಇಟ್ಟು ಒಂದೊಂದೇ ಅಕ್ಷರ ಓದುತ್ತಿದ್ದರು. ಇದರಲ್ಲಿ ಮರಿಯಾ, ಆಧಾರಿನಲ್ಲಿ ಮೇರಿ, ಮದುವೆ ದಾಖಲೆಯಲ್ಲಿ ಮನೆತನದ ಹೆಸರೇ ಬೇರೆ. ಮಗ ಅವಸರದಲ್ಲಿದ್ದ, ದುಡ್ಡಿನ ಕವರೂ ತಂದಿದ್ದ. ವಕೀಲೆ ಸ್ಕೇಲ್ ಎತ್ತಿಟ್ಟು "ಆತಾಂ ನಾಕಾ" ಅಂದರು. ಈಗ ಬೇಡ, ಮೊದಲು ಹೆಸರು ಸರಿ ಮಾಡಿಸಿಕೊಂಡು ಬನ್ನಿ. ಕವರು ಹಾಗೇ ವಾಪಸ್ ಹೋಯಿತು.

ನಾನು ದಂಗಾದೆ. ಮನೆಗೆ ಬಂದ ದುಡ್ಡನ್ನು ಬೇಡ ಅಂದ ಏಜೆಂಟನನ್ನು ನಾನಂತೂ ನೋಡಿಲ್ಲ.

ನಮ್ಮ ಸರದಿ ಬಂತು. "ಗಲ್ಫ್ ಕೆಲಸದ ವಿಷಯ ನನ್ನದಲ್ಲ" ಅಂತ ಮೊದಲೇ ಹೇಳಿಬಿಟ್ಟರು. ಸುಮ್ನೆ ಇರಲಾರದೆ ಗೆಳೆಯನ ಮಗಳ ಅಮೆರಿಕದ ಎಚ್-1ಬಿ ಕೆಲಸದ ವೀಸಾ ಬಗ್ಗೆಯೂ ಕೇಳಿದೆ. ಅದೂ ನನ್ನದಲ್ಲ, ಅಲ್ಲಿ ಸನ್ನದು ಇರುವ ವಕೀಲರನ್ನೇ ಕೇಳಿ ಅಂದರು. ಆದರೂ ಫೈಲು ತಿರುವಿ ನೋಡಿದರು. ಇದು ವಿಸಿಟ್ ವೀಸಾ, ಕೆಲಸ ಮಾಡುವ ಹಾಗಿಲ್ಲ. ಹುಡುಗ ಎಸ್ಸೆಸ್ಸೆಲ್ಸಿ ಪಾಸಾಗಿಲ್ಲ, ಪಾಸ್‌ಪೋರ್ಟಿನಲ್ಲಿ ಇಸಿಆರ್ (ಎಮಿಗ್ರೇಷನ್ ಚೆಕ್ ರಿಕ್ವೈರ್ಡ್) ಅಂತಿದೆ, ಅಂದಮೇಲೆ ಕುವೈತಿಗೆ ಕೆಲಸಕ್ಕೆ ಹೋಗಲು ಸರ್ಕಾರದ ಎಮಿಗ್ರೇಷನ್ ಕ್ಲಿಯರೆನ್ಸ್ ಬೇಕು. ಏಜೆಂಟನಿಗೆ 1983ರ ವಲಸೆ ಕಾಯ್ದೆ ಪ್ರಕಾರ ಲೈಸೆನ್ಸ್ ಇರಬೇಕು, ಇದೆಯೋ ಇಲ್ಲವೋ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಡಿ. ಅವನು 30,000 ಮತ್ತು ಜಿಎಸ್‌ಟಿಗಿಂತ ಜಾಸ್ತಿ ತಗೊಳ್ಳುವ ಹಾಗೂ ಇಲ್ಲ. 20 ನಿಮಿಷ. ಫೀಸು 1,000, ಜೊತೆಗೆ ರಸೀದಿ.

ಜಾಲತಾಣದಲ್ಲಿ ಅವನ ಹೆಸರು ಸಿಗಲಿಲ್ಲ. ಹುಡುಗ ವಿಮಾನ ಹತ್ತಲಿಲ್ಲ.

ನಮ್ಮವರಿಗೆ ಕೆಲಸ ಮಾಡಿಕೊಡುವವನಿಗೆ ದುಡ್ಡು ಕೊಟ್ಟು ಗೊತ್ತು, ಬೇಡ ಅನ್ನುವವರಿಗೆ ಕೊಟ್ಟು ಗೊತ್ತಿಲ್ಲ. ವಕೀಲರು ಅಂದರೆ ಹೊಲದ ಬದುವಿನ ಜಗಳ, ಕೋರ್ಟು, ತಾರೀಕು. ಇಲ್ಲಿಯವರು ಜಗಳಕ್ಕೆ ಮುಂಚೆಯೇ, ಒಂದು ಸಹಿ ಹಾಕಲಿಕ್ಕೂ, ವಕೀಲರ ಮೆಟ್ಟಿಲು ಹತ್ತುತ್ತಾರೆ. ನನಗೆ ಇಲ್ಲಿಯ ರೀತಿಯೇ ಮೇಲು ಅನಿಸಿಬಿಟ್ಟಿದೆ, ಊರಲ್ಲಿ ಇದನ್ನು ಹೇಳಿದರೆ "ಗೋವಾದವ ಆದಿ" ಅಂತಾರೆ.

ಇಲ್ಲಿಯೂ ಏಜೆಂಟರು ಇಲ್ಲ ಅಂತಲ್ಲ. ಸುಳ್ಳು ದಾಖಲೆ ಮಾಡಿ ಸಿಕ್ಕಿಬಿದ್ದವರ ಸುದ್ದಿ ಪೇಪರಿನಲ್ಲಿ ಬರುತ್ತಲೇ ಇರುತ್ತದೆ. ಆ ವಕೀಲೆಯಂಥವರು ಚೆನ್ನಾಗಿ ಕೆಲಸ ಮಾಡಿದಷ್ಟೂ ಜನ ಹೊರದೇಶಕ್ಕೆ ಹೋಗಿ ನಮ್ಮ ಈ ಸಾಸಷ್ಟಿ ತಾಲೂಕಿನ ಊರುಗಳಲ್ಲಿ ಬೀಗ ಬಿದ್ದ ಮನೆಗಳು ಜಾಸ್ತಿ, ಅದೂ ನಿಜ. ಅವರಿಗೆ ಒಂದಕ್ಷರ ಕನ್ನಡ ಬರುವುದಿಲ್ಲ. ವಾಸ್ಕೋ ಬದಿ ಗಾರೆ ಕೆಲಸ ಮಾಡುವ ನಮ್ಮ ಕಡೆಯ ಹುಡುಗರು ಆ ಮೆಟ್ಟಿಲು ಹತ್ತುವುದೂ ಇಲ್ಲ. ಮತ್ತೆ ಹೇಳಲೇಬೇಕು, ನಮ್ಮ ಅವ್ವ ತೀರಿಕೊಂಡಾಗ ರಾತ್ರೋರಾತ್ರಿ ಗಾಡಿ ಹೊಂದಿಸಿ, ಮೂರು ದಿನ ನಮ್ಮ ಮನೆಯಲ್ಲೇ ಓಡಾಡಿಕೊಂಡಿದ್ದವನು ಇದೇ ಏಜೆಂಟ. ತಂಗಿ ರಸೀದಿ ಕೇಳದ್ದು ಅದಕ್ಕೇ ಇರಬೇಕು.

ಅವನು 25,000 ವಾಪಸ್ ಕೊಟ್ಟಿದ್ದಾನೆ, ಉಳಿದದ್ದು ದಸರಾ ಆದಮೇಲೆ ಅಂದಿದ್ದಾನೆ. ಅಳಿಯ ಈಗ ವೆರ್ಣಾದಲ್ಲಿ ಟೆಂಪೋ ಓಡಿಸುತ್ತಾನೆ. ತಂಗಿ ಮೊನ್ನೆ ಫೋನ್ ಮಾಡಿದವಳು 45,000ದ ಸುದ್ದಿ ಎತ್ತಲಿಲ್ಲ, "ಆ ಸಾವಿರಾನ ಸ್ವಲ್ಪ ಕಡಿಮಿ ಮಾಡು ಅನ್ನಬೇಕಿತ್ತು ಅಣ್ಣಾ" ಅಂದಳು.