ಬಯಲಿನ ಬೆಳಕು, ಕೈಗೆ ಮೆತ್ತಿದ ಮಣ್ಣು

ಮಕ್ಕಳು ಹೊರಗೆ ಆಡಿದರೆ ವ್ಯಾಯಾಮವಾಗುತ್ತದೆ ಎಂದಷ್ಟೇ ಹೇಳಿ ಮಾತು ಮುಗಿಸುವುದು ನನಗೆ ಸರಿ ಎನಿಸುವುದಿಲ್ಲ. ವ್ಯಾಯಾಮವನ್ನು ನಾಲ್ಕು ಗೋಡೆಗಳ ನಡುವೆಯೂ ಮಾಡಿಸಬಹುದು. ಬಯಲಿನ ಬೆಳಕನ್ನು, ಜೀವವಿರುವ ಮಣ್ಣನ್ನು ಒಳಗೆ ತಂದುಕೊಡಲು ಬಾರದು.

ಕಣ್ಣಿನ ವಿಷಯವನ್ನೇ ನೋಡಿ. ತರಗತಿಯೊಳಗಿನ ಬೆಳಕು ಸಾಮಾನ್ಯವಾಗಿ ಕೆಲವು ನೂರು ಲಕ್ಸ್ (ಬೆಳಕಿನ ಪ್ರಮಾಣದ ಅಳತೆ) ಇದ್ದರೆ, ಹಗಲಿನ ಬಯಲಿನಲ್ಲಿ ಅದು ಸುಲಭವಾಗಿ 10,000 ಲಕ್ಸ್ ದಾಟುತ್ತದೆ. ಕಣ್ಣುಗುಡ್ಡೆ ಅತಿಯಾಗಿ ಉದ್ದವಾದರೆ ದೂರದ್ದು ಮಸುಕಾಗಿ ಕಾಣುವ ಸಮೀಪದೃಷ್ಟಿ ಬರುತ್ತದೆ. ಬಯಲಿನ ಬೆಳಕಿಗೆ ಕಣ್ಣಿನ ಹಿಂಭಾಗದ ಪದರವಾದ ಅಕ್ಷಿಪಟಲದಲ್ಲಿ ಡೋಪಮೈನ್ ಎಂಬ ರಾಸಾಯನಿಕ ಬಿಡುಗಡೆಯಾಗಿ, ಹಾಗೆ ಉದ್ದವಾಗದಂತೆ ತಡೆಯುತ್ತದೆ ಎಂಬುದು ತಜ್ಞರು ಹೆಚ್ಚಾಗಿ ಕೊಡುವ ವಿವರಣೆ. ಚೀನಾದ ಗುವಾಂಗ್‌ಝೌ ನಗರದ 12 ಶಾಲೆಗಳಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಂದನೇ ತರಗತಿಯಿಂದಲೇ ಶಾಲಾದಿನಗಳಲ್ಲಿ 40 ನಿಮಿಷ ಹೆಚ್ಚುವರಿಯಾಗಿ ಹೊರಗೆ ಕಳೆದ ಮಕ್ಕಳ ಪೈಕಿ ಮೂರು ವರ್ಷಗಳಲ್ಲಿ ಸಮೀಪದೃಷ್ಟಿ ಬಂದವರು ಶೇ 30.4, ಉಳಿದವರಲ್ಲಿ ಶೇ 39.5. ವೇಳಾಪಟ್ಟಿಗೆ ಒಂದು ಪೀರಿಯಡ್ ಸೇರಿಸಿದ್ದರಿಂದ ಇಷ್ಟಾಯಿತು. ಆದರೆ ಈಗಾಗಲೇ ಕನ್ನಡಕ ಬಂದ ಮಗುವಿಗೂ ಇಷ್ಟೇ ಪ್ರಯೋಜನವಾಗುತ್ತದೆ ಎನ್ನುವಂತಿಲ್ಲ. ಹಾಗಾಗಿ ಚಿಕ್ಕಂದಿನ ವರ್ಷಗಳನ್ನು ಕಳೆದುಕೊಳ್ಳಬಾರದು.

ಮಣ್ಣಿನ ಬಗ್ಗೆ ಪಾಲಕರಿಗಿರುವ ಅಂಜಿಕೆ ನನಗೆ ಅರ್ಥವಾಗುತ್ತದೆ. ಆದರೂ ಫಿನ್ಲೆಂಡಿನ ಸಂಶೋಧಕರು 2020ರಲ್ಲಿ ಪ್ರಕಟಿಸಿದ್ದನ್ನು ಅವರು ತಿಳಿದಿರಬೇಕು. ಶಿಶುವಿಹಾರಗಳ ಬೋಳು ಅಂಗಳಕ್ಕೆ ಕಾಡಿನ ನೆಲದ ಪದರವನ್ನೂ ಹುಲ್ಲುಹಾಸನ್ನೂ ತಂದು ಹಾಸಿ, ಮೂರರಿಂದ ಐದು ವರ್ಷದ ಮಕ್ಕಳನ್ನು ಆಡಲು ಬಿಟ್ಟರು. ಕೇವಲ 28 ದಿನಗಳಲ್ಲಿ ಮಕ್ಕಳ ಚರ್ಮದ ಮೇಲಿನ ಸೂಕ್ಷ್ಮಾಣುಗಳ ವೈವಿಧ್ಯ ಹೆಚ್ಚಿತು. ರೋಗನಿರೋಧಕ ವ್ಯವಸ್ಥೆ ಹದಕ್ಕೆ ಬರುತ್ತಿರುವ ಸೂಚನೆಗಳು ರಕ್ತದಲ್ಲಿಯೂ ಕಂಡವು. ಅಧ್ಯಯನ ಚಿಕ್ಕದು, ಮಕ್ಕಳು 75 ಮಾತ್ರ. ಆದರೂ ಆಡಿ ಬಂದ ಮಗುವಿನ ಕೈ ತೊಳೆಸಿದರೆ ಸಾಕು, ಮಣ್ಣನ್ನೇ ಮುಟ್ಟಗೊಡದಿರುವುದು ಬೇಡ ಎಂಬ ನನ್ನ ನಿಲುವು ಇದರಿಂದ ಗಟ್ಟಿಯಾಗಿದೆ.

ಇಷ್ಟೆಲ್ಲ ಗೊತ್ತಿದ್ದೂ, ಹೋಂವರ್ಕ್ ಮುಗಿಸದ ಮಗುವಿನ ಆಟದ ಅವಧಿಯನ್ನು ಶಿಕ್ಷೆಯೆಂದು ಕಿತ್ತುಕೊಳ್ಳುತ್ತೇವೆ. ಒಂದೆಡೆ ಕೂರಲಾಗದೆ ಚಡಪಡಿಸುವ ಮಗುವಿಗೇ ಈ ಶಿಕ್ಷೆ ಹೆಚ್ಚು ಬೀಳುತ್ತದೆ; ಹೊರಗಿನ ಓಡಾಟ ಎಲ್ಲರಿಗಿಂತ ಹೆಚ್ಚಾಗಿ ಬೇಕಿರುವುದೂ ಆ ಮಗುವಿಗೇ.

ಅಂಥ ಮಗುವನ್ನು ಇರುವೆ ಸಾಲಿನ ಬಳಿ ಬಿಟ್ಟು ನೋಡಿ. ಕುಕ್ಕುರುಗಾಲಿನಲ್ಲಿ ಕೂತು, ದಾರಿಗೆ ಅಡ್ಡವಾಗಿ ಕಡ್ಡಿಯೊಂದನ್ನಿಟ್ಟು, ಸಾಲು ಚದುರಿ ಮತ್ತೆ ಕೂಡುವವರೆಗೂ ಉಸಿರು ಬಿಗಿಹಿಡಿದು ಕಾಯುತ್ತದೆ. ಆಮೇಲೆ ಕಡ್ಡಿಯನ್ನು ತೆಗೆದು, ಅದರ ಜಾಗದಲ್ಲಿ ಒಂದು ಒದ್ದೆ ಎಲೆಯನ್ನಿಟ್ಟು, ಈಗೇನು ಮಾಡುತ್ತವೆ ಎಂದು ನಮ್ಮನ್ನೇ ಕೇಳುತ್ತದೆ.